ಒಂದೇ ಕ್ಯಾನಿನ ಹಾಲು

(ಕೋಲಾರದ ಪದವಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪ್ರಿನ್ಸಿಪಾಲರು ಫೋನ್ ಮಾಡಿದಾಗ ಯಾವ ವಿಷಯದ ಮೇಲೆ ಮಾತಾಡಲಿ ಎಂದು ಕೇಳಿದೆ. "ನಾನು ಮತ್ತು ನನ್ನ ದೇಶ ಅಂತ ಇಟ್ಕೊಳ್ಳಿ ಮೇಡಂ" ಅಂದರು. ದೇಶ ತುಂಬಾ ದೊಡ್ಡದು. ಅದರಲ್ಲಿ ನಾನು ಹತ್ತಿರದಿಂದ ನೋಡಿರುವುದು ಬಂಗಾರಪೇಟೆ ತಾಲ್ಲೂಕಿನ ನನ್ನ ಹಳ್ಳಿ, ಈ ಕೋಲಾರ ಪಟ್ಟಣ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯ ಒಂದಷ್ಟು ಊರುಗಳು. ಮೂವತ್ತು ವರ್ಷಕ್ಕೂ ಮೇಲೆ ಈ ಊರುಗಳ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ದೇಶ ಅಂದರೆ ನನಗೆ ಕಣ್ಣಿಗೆ ಕಟ್ಟುವುದು ಇಷ್ಟೇ.

ಹೋದ ವರ್ಷ ಇನ್ನೊಂದು ಕಡೆ ಹೀಗೇ ಮಾತಾಡಲು ಹೋಗಿದ್ದೆ. ಎಲ್ಲ ಮುಗಿದ ಮೇಲೆ ಒಬ್ಬ ಹುಡುಗಿ ಬಾಗಿಲ ಹತ್ತಿರ ಕಾಯುತ್ತಾ ನಿಂತಿದ್ದಳು. "ಮೇಡಂ, ನಿಜ ಹೇಳಿ. ನಿಮಗೆ ಈ ಊರು, ಈ ಜನ, ಇದೆಲ್ಲಾ ಇಷ್ಟಾನಾ?" ಎಂದು ಕೇಳಿದಳು. ಇಷ್ಟ ಅಂತ ತಕ್ಷಣ ಹೇಳಿಬಿಟ್ಟೆ. ಅವಳು ಸುಮ್ಮನೆ ತಲೆಯಾಡಿಸಿ ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧವನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮೂರಿಗೆ ಹಾಲಿನ ಡೈರಿ ಬಂದದ್ದು 1977ರಲ್ಲಿ. ನನಗೆ ಆಗ ಹದಿಮೂರು ವರ್ಷ. ಅಪ್ಪ ಎಸ್ಸೆಸ್ಸೆಲ್ಸಿ ಓದಿದ್ದರು, ಅಕ್ಷರ ಚೆನ್ನಾಗಿತ್ತು, ಅದಕ್ಕೆ ಅವರನ್ನೇ ಕಾರ್ಯದರ್ಶಿ ಮಾಡಿದರು. ನಮ್ಮ ಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಹೆಂಚಿನ ಒಂದು ಕೋಣೆ, ಅದೇ ಡೈರಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಸಾಲು ನಿಲ್ಲುತ್ತಿತ್ತು. ಒಬ್ಬರ ಕೈಲಿ ತಂಬಿಗೆ, ಒಬ್ಬರ ಕೈಲಿ ಸ್ಟೀಲ್ ಕ್ಯಾರಿಯರ್, ಇನ್ನೊಬ್ಬರ ಸೊಂಟದ ಮೇಲೆ ಬಿಂದಿಗೆ. ಅಪ್ಪ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತಿದ್ದರು. ಆಮೇಲೆ ಸಣ್ಣ ಬಾಟಲಿಗೆ ಸ್ಯಾಂಪಲ್ ತೆಗೆದು, ಅಳತೆ ಮಾಡಿ, ಹಾಲನ್ನು ಕ್ಯಾನಿಗೆ ಸುರಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಂದೂವರೆ ಲೀಟರ್. ಎರಡು ಲೀಟರ್ ಇನ್ನೂರು ಮಿಲಿ. ನನ್ನ ಗಣಿತ ಶುರುವಾದದ್ದು ಅಲ್ಲಿಂದ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಇದೆ, ಆದರೆ ಮರಳು ನೋಡಿದಷ್ಟು ನೀರು ನೋಡಿದವರಿಲ್ಲ. ಮಳೆ ಬಂದರೆ ರಾಗಿ, ಇಲ್ಲವಾದರೆ ಇಲ್ಲ. ಅಂಥ ಕಡೆ ಎರಡು ಸೀಮೆ ಹಸು ಕಟ್ಟಿಕೊಂಡ ಹೆಂಗಸು ಹದಿನೈದು ದಿನಕ್ಕೊಮ್ಮೆ ಬಟವಾಡೆ ದುಡ್ಡು ಎಣಿಸಿಕೊಳ್ಳುವುದು ಅಂದರೆ ಅದು ಸಣ್ಣ ವಿಷಯ ಅಲ್ಲ. ನೀವು ಇಲ್ಲಿ ಕೂತಿದ್ದೀರಲ್ಲ, ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕಾಲೇಜು ಫೀಸು ಹಾಲಿನ ದುಡ್ಡಿಂದಲೇ ಬಂದಿರುತ್ತದೆ ಅಂತ ನನಗೆ ಗೊತ್ತು. ಆ ಡೈರಿಯ ಬಗ್ಗೆ ನನಗೆ ತುಂಬಾ ಅಭಿಮಾನ. ಈಗಲೂ ಯಾವುದಾದರೂ ಊರಲ್ಲಿ ಬೆಳಿಗ್ಗೆ ಕ್ಯಾನಿನ ಮುಚ್ಚಳದ ಸದ್ದು ಕೇಳಿದರೆ ಮನಸ್ಸು ಅರಳುತ್ತದೆ.

ಮೊದಲ ಮೂರು ನಾಲ್ಕು ವರ್ಷ ಡೈರಿಗೆ ಕಾಲೋನಿಯಿಂದ, ಅಂದರೆ ದಲಿತರ ಕೇರಿಯಿಂದ, ಯಾರೂ ಹಾಲು ತರುತ್ತಿರಲಿಲ್ಲ. ತರಲು ಅವರ ಹತ್ತಿರ ಹಸು ಇರಲಿಲ್ಲ. ನಮ್ಮೂರಲ್ಲಿ ಹಸು ಮೇಯಿಸುತ್ತಿದ್ದವರು ಅವರೇ, ಸಗಣಿ ಬಾಚುತ್ತಿದ್ದವರು ಅವರೇ, ಹಸು ಮಾತ್ರ ನಮ್ಮದು. 1980ರ ಹೊತ್ತಿಗೆ ಐಆರ್‌ಡಿಪಿ ಅಂತ ಸರ್ಕಾರದ ಯೋಜನೆ ಎಲ್ಲ ತಾಲ್ಲೂಕಿಗೂ ಬಂತು. ಬಡವರಿಗೆ ಹಸು ಕೊಳ್ಳಲು ಬ್ಯಾಂಕ್ ಸಾಲ, ಅದರಲ್ಲಿ ಒಂದು ಪಾಲು ಸಬ್ಸಿಡಿ. ನಮ್ಮ ಮನೆಯಲ್ಲಿ ಕೆಲಸಕ್ಕಿದ್ದವರಿಗೂ ಒಂದು ಕಪ್ಪು ಬಿಳುಪು ಹಸು ಸಿಕ್ಕಿತು. ಅವರ ಹೆಸರು ಹೇಳುವುದಿಲ್ಲ. ಹೇಳಬೇಡಿ ಅಂತ ಅವರ ಮೊಮ್ಮಗಳು ಕೇಳಿಕೊಂಡಿದ್ದಾಳೆ.

ಇವತ್ತು 'ಅವರು' ಅನ್ನುತ್ತಿದ್ದೇನೆ. ಆಗ ಅನ್ನುತ್ತಿರಲಿಲ್ಲ. ಅವರು ನನ್ನ ಅಪ್ಪನಿಗಿಂತ ದೊಡ್ಡವರು. ಹದಿಮೂರು ವರ್ಷದ ನಾನು ಅವರನ್ನು 'ಬಾರೋ, ಹೋಗೋ' ಅನ್ನುತ್ತಿದ್ದೆ. ಅವರು ನನ್ನನ್ನು 'ಅಮ್ಮಣ್ಣಿ, ಬನ್ನಿ' ಅನ್ನುತ್ತಿದ್ದರು. ಹೀಗೆ ಕರೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಸಿರಾಡುವುದನ್ನು ಹೇಗೆ ಕಲಿತೆನೋ ಹಾಗೇ ಇದನ್ನೂ ಕಲಿತಿದ್ದೆ.

ಅವರು ಮೊದಲ ದಿನ ಹಾಲು ತಂದಾಗ ಸಾಲಿನಲ್ಲಿ ನಿಲ್ಲಲಿಲ್ಲ. ಹುಣಸೆ ಮರದ ಕೆಳಗೆ ತಂಬಿಗೆ ಹಿಡಿದು ನಿಂತಿದ್ದರು. ಎಲ್ಲರದೂ ಮುಗಿದ ಮೇಲೆ ಬಂದರು. ಅಷ್ಟರಲ್ಲಿ ಊರಿನ ಇಬ್ಬರು ಹಿರಿಯರು ಅಪ್ಪನ ಹತ್ತಿರ ಬಂದು, "ಅವರದ್ದಕ್ಕೆ ಬೇರೆ ಕ್ಯಾನ್ ಇಡಪ್ಪ" ಅಂದರು. ಅಪ್ಪ ಏನು ಹೇಳುತ್ತಾರೋ ಅಂತ ನಾನು ಪೆನ್ನು ಹಿಡಿದು ನೋಡುತ್ತಾ ಕೂತೆ. ಅಪ್ಪ, "ಲಾರಿಯವರು ಕೊಟ್ಟಿರೋದು ಎರಡೇ ಕ್ಯಾನು. ಒಂದು ತುಂಬಿದ ಮೇಲೆ ಇನ್ನೊಂದು. ಬೇರೆ ಇಡಕ್ಕೆ ಬರಲ್ಲ" ಅಂದರು. ಹೇಳಿ, ಡಿಗ್ರಿ ನೋಡಿ, ಆ ಹಾಲನ್ನು ಎಲ್ಲರ ಹಾಲಿನ ಮೇಲೇ ಸುರಿದರು. ಬೆಳ್ಳಗೆ ಹೋಗಿ ಬೆಳ್ಳಗೆ ಸೇರಿತು. ಒಂದು ವಾರ ಆದ ಮೇಲೆ ಅಪ್ಪನೇ, "ಲಾರಿಗೆ ಹೊತ್ತಾಗತ್ತೆ, ಸಾಲಲ್ಲೇ ಬನ್ನಿ" ಅಂದರು. ಆಗ ಅವರೂ ಸಾಲಿನಲ್ಲಿ ನಿಂತರು. ಅವರ ಹಾಲು ಊರಿಗೇ ಗಟ್ಟಿ ಹಾಲು. ಫ್ಯಾಟ್ ಜಾಸ್ತಿ ಬರುತ್ತಿತ್ತು. ರೇಟೂ ಹಾಗೇ ಬೀಳುತ್ತಿತ್ತು. ಮೆಷಿನ್ನು ಯಾರ ಮುಖವನ್ನೂ ನೋಡುವುದಿಲ್ಲ.

ನನ್ನ ಅಪ್ಪ ದೊಡ್ಡ ಮನುಷ್ಯ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆ ಹತ್ತು ಹೆಜ್ಜೆ ದಾಟಿ ಮನೆಗೆ ಬರೋಣ ಈಗ.

ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಅದು ಅವರ ಲೋಟ. ಬೆಳಿಗ್ಗೆ ಡೈರಿ ಮುಗಿಸಿ ಅವರು ನಮ್ಮ ಮನೆಗೆ ಕೆಲಸಕ್ಕೆ ಬಂದಾಗ ಆ ಲೋಟ ತೆಗೆದು, ತೊಳೆದು, ಹಿತ್ತಲ ಬಾಗಿಲ ಮುಂದೆ ಕೂರುತ್ತಿದ್ದರು. ಅಮ್ಮ ಕಾಫಿ ತಂದು ಮೇಲಿಂದ ಸುರಿಯುತ್ತಿದ್ದಳು. ಪಾತ್ರೆ ಲೋಟಕ್ಕೆ ತಾಗಬಾರದು. ಒಂದು ಹನಿಯೂ ಆಚೆ ಬೀಳದ ಹಾಗೆ ಸುರಿಯುವುದು ಅವಳಿಗೆ ರೂಢಿಯಾಗಿತ್ತು. ಕುಡಿದ ಮೇಲೆ ಅವರೇ ತೊಳೆದು ಗೂಡಲ್ಲಿ ಇಡುತ್ತಿದ್ದರು.

ಒಂದು ದಿನ ನಮ್ಮ ಮನೆಯ ಹಸು ಒದ್ದು ಹಾಲು ಚೆಲ್ಲಿತು. ಅವತ್ತು ಅಪ್ಪ ಡೈರಿಯ ಕ್ಯಾನಿನಿಂದ ಒಂದು ಲೀಟರ್ ಹಾಲು ತೆಗೆದು, ಪುಸ್ತಕದಲ್ಲಿ ಬರೆಸಿ, ಮನೆಗೆ ತಂದರು. ಊರಿನವರೆಲ್ಲರ ಹಾಲೂ ಸೇರಿದ್ದ ಕ್ಯಾನು ಅದು. ಅವರ ಹಸುವಿನ ಹಾಲೂ ಅದರಲ್ಲಿತ್ತು. ನಾನೇ ಬರೆದಿದ್ದೆನಲ್ಲ, ನನಗೆ ಗೊತ್ತು. ಅಮ್ಮ ಆ ಹಾಲಲ್ಲಿ ಕಾಫಿ ಮಾಡಿದಳು. ಅಜ್ಜಿ ಕುಡಿದರು. ಅಪ್ಪ ಕುಡಿದರು. ನಾನು ಕುಡಿದೆ. ಆಮೇಲೆ ಅದೇ ಕಾಫಿಯನ್ನು ಅಮ್ಮ ಹಿತ್ತಲಿಗೆ ತೆಗೆದುಕೊಂಡು ಹೋಗಿ, ಯಾವತ್ತಿನ ಹಾಗೇ ಮೇಲಿಂದ ಅವರ ಲೋಟಕ್ಕೆ ಸುರಿದಳು.

ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೇಳಲು ಬರಲಿಲ್ಲ. ಕೇಳಲೂ ಇಲ್ಲ.

ನನ್ನ ಅಮ್ಮ ಕೆಟ್ಟವಳಲ್ಲ. ಹೀಗೆ ಹೇಳಿದರೆ ತಾಯಿಯ ಪರ ವಕಾಲತ್ತು ಅನ್ನಿಸಬಹುದು. ಇರಲಿ. ಅವರ ಹೆಂಡತಿಗೆ ಹೆರಿಗೆ ಕಷ್ಟವಾದಾಗ ರಾತ್ರಿ ಎರಡು ಗಂಟೆಗೆ ಅಪ್ಪನನ್ನು ಎಬ್ಬಿಸಿ ಗಾಡಿ ಕಟ್ಟಿಸಿದವಳು ನನ್ನ ಅಮ್ಮ. ಬರಗಾಲದ ವರ್ಷ ನಮ್ಮ ಮನೆಯ ರಾಗಿ ಕಣಜದ ತಳ ಕಾಣುತ್ತಿದ್ದಾಗಲೂ ಅವರ ಮನೆಗೆ ಸೇರು ಲೆಕ್ಕ ತಪ್ಪಿಸಲಿಲ್ಲ. ಆ ಕೈಯೇ ಮೇಲಿಂದ ಕಾಫಿ ಸುರಿಯುತ್ತಿತ್ತು. ಎರಡೂ ಒಂದೇ ಕೈ. ನಾನು ಪ್ರೀತಿಸುವ ಕೈಯನ್ನೂ ನನಗೆ ನಾಚಿಕೆ ತರಿಸುವ ಕೈಯನ್ನೂ ಬೇರೆ ಬೇರೆ ಮಾಡಲು ನನಗೆ ಇವತ್ತಿನವರೆಗೂ ಆಗಿಲ್ಲ. ಆ ಹುಡುಗಿಯ ಪ್ರಶ್ನೆಗೆ ನಾನು ಉತ್ತರ ಕೊಡಲು ತಡವರಿಸುವುದು ಇಲ್ಲಿಯೇ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಒಂದು ಮಾತು ಹೇಳಿದ್ದರು. ಬರುವ ಜನವರಿ 26ರಂದು ನಾವು ವಿರೋಧಗಳಿಂದ ಕೂಡಿದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಎನ್ನುವುದು ಅದರ ಸಾರ. ಬಿ.ಇಡಿ. ಓದುವಾಗ ಇದನ್ನು ಮೊದಲ ಸಲ ಓದಿದೆ. ಓದಿದ ಕೂಡಲೇ ನಮ್ಮ ಡೈರಿ ನೆನಪಾಯಿತು, ಹಿತ್ತಲ ಬಾಗಿಲು ನೆನಪಾಯಿತು. ಅವರು ಹೇಳಿದ ಆ ದೊಡ್ಡ ವಿರೋಧ ನಮ್ಮ ಮನೆಯಲ್ಲಿ ಹತ್ತು ಹೆಜ್ಜೆಯ ದೂರದಲ್ಲಿತ್ತು.

ಈ ಹತ್ತು ಹೆಜ್ಜೆ ಎಲ್ಲ ಕಡೆ ಇದೆ. ನಮ್ಮ ಕೆರೆಗಳನ್ನೇ ನೋಡಿ. ಕೋಲಾರ ಕೆರೆಗಳ ಜಿಲ್ಲೆ, ಸಾವಿರಾರು ಕೆರೆಗಳಿವೆ. ನಮ್ಮ ಹಿರಿಯರು ಒಂದರ ಕೋಡಿ ಹರಿದರೆ ಇನ್ನೊಂದು ತುಂಬುವ ಹಾಗೆ ಕಟ್ಟಿದ್ದಾರೆ. ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆ ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ನೀರು ಅಂತ ನ್ಯಾಯವಾಗಿ ಹಂಚುತ್ತಿದ್ದವರು ನೀರಗಂಟಿಗಳು. ನಮ್ಮ ಕಡೆ ಹೆಚ್ಚಿನ ಊರುಗಳಲ್ಲಿ ನೀರಗಂಟಿ ದಲಿತ ಮನೆತನದವರು. ಇಡೀ ಅಚ್ಚುಕಟ್ಟಿನ ನೀರು ಅವರ ಕೈಯಲ್ಲಿ ಹಾದು ಹೋಗುತ್ತಿತ್ತು. ನಮ್ಮೂರಿನ ನೀರಗಂಟಿಗೆ ಆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ. ಊರ ಬಾವಿಯಿಂದ ಕುಡಿಯುವ ನೀರು ಬೇಕಾದರೆ ಯಾರಾದರೂ ಸೇದಿ ಹಾಕುವವರೆಗೂ ಅವರು ದೂರ ನಿಂತು ಕಾಯಬೇಕಿತ್ತು.

ಆಮೇಲೆ ಬೋರ್‌ವೆಲ್ ಬಂತು. ತಮಿಳುನಾಡಿನ ತಿರುಚೆಂಗೋಡಿನಿಂದ ರಿಗ್ ಲಾರಿಗಳು ಬಂದವು. ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುವವರು ಬಂದರು. ಇನ್ನೂರು ಅಡಿ ಹೋಗಿ ಆರುನೂರು ಅಡಿಯಾಯಿತು, ಸಾವಿರ ದಾಟಿತು, ಸಾವಿರದ ಇನ್ನೂರಕ್ಕೂ ಬರೀ ಧೂಳು ಎದ್ದಿತು. ಬಂದ ನೀರಲ್ಲಿ ಫ್ಲೋರೈಡ್. ನಾನು ಪಾಠ ಮಾಡಿದ ಒಂದು ಶಾಲೆಯಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವ ಮಕ್ಕಳೇ ಜಾಸ್ತಿ, ಹಲ್ಲಿನ ಮೇಲಿನ ಕಂದು ಕಲೆ ಕಾಣಬಾರದು ಅಂತ. ಕೆರೆಯನ್ನು ಎಲ್ಲರೂ ಕೂಡಿ ಹೂಳೆತ್ತುವುದು ಬಿಟ್ಟು, ಅವರವರ ಹೊಲದಲ್ಲಿ ಅವರವರು ಬೋರ್ ಕೊರೆಸಿದೆವು. ದುಡ್ಡಿದ್ದವನ ಬೋರ್ ಆಳಕ್ಕೆ ಹೋಯಿತು, ಪಕ್ಕದವನದು ಒಣಗಿತು.

2018ರಲ್ಲಿ ಏನಾಯಿತು, ನಿಮಗೆ ನೆನಪಿರುತ್ತದೆ. ಆಗ ನೀವು ಪ್ರೈಮರಿ ಸ್ಕೂಲಲ್ಲಿ ಇದ್ದಿರಿ. ಕೆ.ಸಿ. ವ್ಯಾಲಿ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ಕಳಿಸುವುದು, 126 ಕೆರೆ ತುಂಬಿಸುವುದು, ಅದರಿಂದ ಅಂತರ್ಜಲ ಏರಿಸುವುದು ಯೋಜನೆ. ನೀರು ಬಂದ ಒಂದು ತಿಂಗಳಲ್ಲೇ ಕೆರೆಯಲ್ಲಿ ನೊರೆ ಎದ್ದಿತು. ಕೇಸು ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಸ್ವಲ್ಪ ದಿನ ನಿಂತು ಮತ್ತೆ ನೀರು ಹರಿಯಿತು. ಈ ನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡುತ್ತಾರೆ, ಮೂರನೇ ಹಂತವೂ ಆಗಬೇಕು ಅಂತ ನಮ್ಮ ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಅದು ನ್ಯಾಯವಾದ ಬೇಡಿಕೆ. ನಾವು ಬೆಂಗಳೂರಿಗೆ ಹಾಲು ಕಳಿಸುತ್ತೇವೆ, ಟೊಮೆಟೊ, ಬೀನ್ಸ್, ಕೋಸು ಕಳಿಸುತ್ತೇವೆ, ಓದಿಸಿದ ಮಕ್ಕಳನ್ನು ಕಳಿಸುತ್ತೇವೆ. ಅಲ್ಲಿಂದ ವಾಪಸ್ ಬರುವುದು ಚೆನ್ನಾಗಿ ಶುದ್ಧವಾದ ನೀರಾದರೂ ಆಗಿರಲಿ ಅಂತ ಕೇಳುವುದು ತಪ್ಪಾ?

ಆ ನೀರು ಬಂದಾಗ ನಮ್ಮೂರ ಹಿರಿಯರೊಬ್ಬರು ಮುಖ ಕಿವಿಚಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. "ಯಾರ್ಯಾರದೋ ಕಕ್ಕಸಿನ ನೀರು, ಯಾವ್ಯಾವ ಜನವೋ" ಅಂದಿದ್ದರು. ಎರಡು ವರ್ಷದಲ್ಲಿ ಅವರ ತೋಟದ ಬತ್ತಿದ ಬೋರ್‌ನಲ್ಲಿ ನೀರು ಬಂತು. ಅವರು ಪೂಜೆ ಮಾಡಿಸಿದರು, ಊರಿಗೆಲ್ಲಾ ಸಿಹಿ ಹಂಚಿದರು. ಅವರ ಸಂತೋಷಕ್ಕೆ ನಾನೂ ಸಂತೋಷಪಟ್ಟೆ. ಆ ನೀರಲ್ಲಿ ಬೆಂಗಳೂರಿನ ಎಷ್ಟು ಲಕ್ಷ ಮನೆಗಳ ಬಚ್ಚಲು ಸೇರಿದೆಯೋ, ಯಾರ ಜಾತಿ ಯಾವುದೋ, ಅದನ್ನು ಅವರು ಮತ್ತೆ ಕೇಳಲಿಲ್ಲ. ಆ ಪೂಜೆಗೆ ಕಾಲೋನಿಯವರೂ ಬಂದಿದ್ದರು. ಅವರ ಎಲೆ ಮಾತ್ರ ಶಾಮಿಯಾನದ ಆಚೆ ಹಾಕಿದ್ದರು.

ಇಷ್ಟು ವರ್ಷ ನೋಡಿ ನಾನು ತಿಳಿದುಕೊಂಡಿರುವುದು ಇದು. ನಮ್ಮ ಜನ ಬೆರೆಯಲಾರದವರೇನೂ ಅಲ್ಲ. ಹೊಟ್ಟೆಪಾಡು ಬಂದಾಗ, ಹಾಲು ಮಾರಬೇಕಾದಾಗ, ನೀರು ಬೇಕಾದಾಗ, ಬಸ್ ಹಿಡಿಯಬೇಕಾದಾಗ ಒಂದು ನಿಮಿಷದಲ್ಲಿ ಬೆರೆಯುತ್ತೇವೆ. ಮನೆಯ ಹೊಸ್ತಿಲಿಗೆ ಬಂದಾಗ ನಿಂತುಬಿಡುತ್ತೇವೆ. ಬೆರೆಯಲು ಗೊತ್ತಿದ್ದೂ ನಿಲ್ಲುತ್ತೇವೆ. ಅದಕ್ಕೇ ನನಗೆ ಸಿಟ್ಟು ಬರುವುದು. ಗೊತ್ತಿಲ್ಲದವರ ಮೇಲೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾರಿಕುಪ್ಪಂನಿಂದ ಬೆಂಗಳೂರಿಗೆ ಬೆಳಿಗ್ಗೆ ಹೋಗುವ ರೈಲು ನೋಡಿದ್ದೀರಲ್ಲ. ಕೆಜಿಎಫ್ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಆಮೇಲೆ ಆ ಊರು ರೈಲಿನ ಮೇಲೇ ಬದುಕಿದೆ. ಮೂರು ಜನರ ಸೀಟಿನಲ್ಲಿ ಐದು ಜನ. ಒಂದು ಮೂಲೆಯಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ನಡುವೆ ಕನ್ನಡ, ಬಾಗಿಲ ಹತ್ತಿರ ಉರ್ದು. ಒಬ್ಬಳ ಡಬ್ಬಿಯ ಪುಳಿಯೋಗರೆ ನಾಲ್ಕು ಕೈ ದಾಟುತ್ತದೆ. ಸಂಜೆ ವಾಪಸ್ ಬರುವಾಗ ಹೆಂಗಸರು ಮಡಿಲಲ್ಲಿ ಕಾಗದ ಹಾಸಿಕೊಂಡು ಬೀನ್ಸ್ ಬಿಡಿಸುತ್ತಾರೆ, ಗುರುತಿಲ್ಲದವಳೂ ಒಂದು ಹಿಡಿ ತೆಗೆದುಕೊಂಡು ಬಿಡಿಸಿಕೊಡುತ್ತಾಳೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ ಇಟ್ಟುಕೊಂಡು ಬದುಕುವುದು ಈ ಜಿಲ್ಲೆಯ ಮಕ್ಕಳಿಗೆ ಕಷ್ಟವೇ ಅಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದಲ್ಲಿ ಬರೆದು 1983ರಲ್ಲಿ ಜ್ಞಾನಪೀಠ ತಂದರು. ಇದನ್ನೆಲ್ಲಾ ನೆನೆದಾಗ ಇಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆ ಅನ್ನಿಸುತ್ತದೆ.

ಅದೇ ಜಿಲ್ಲೆಯಲ್ಲಿ, 2000ದ ಮಾರ್ಚ್ 11ರಂದು, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಚಿಂತಾಮಣಿ ನಮ್ಮ ಜಿಲ್ಲೆಯಲ್ಲೇ ಇತ್ತು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ, ಕೊಂದವರು ಯಾರೂ ಇಲ್ಲ. ಆ ಸುದ್ದಿ ಬಂದ ದಿನ ನಾನು ಎಂಟನೇ ತರಗತಿಗೆ ಪೌರನೀತಿ ಪಾಠ ಮಾಡಬೇಕಿತ್ತು. ಪುಸ್ತಕ ತೆಗೆಯಲು ಆಗಲಿಲ್ಲ. ಅವತ್ತು ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸಿದೆ. ಅದೆಲ್ಲಾ ಹಳೆಯ ಕಥೆ ಅನ್ನುವವರಿಗೆ 2022ರ ಸೆಪ್ಟೆಂಬರ್ ನೆನಪಿಸುತ್ತೇನೆ. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಈ ಊರು ನರಸಾಪುರ, ವೇಮಗಲ್‌ನ ದೊಡ್ಡ ದೊಡ್ಡ ಫ್ಯಾಕ್ಟರಿಗಳಿರುವ ಜಿಲ್ಲೆಯದೇ. ಆ ಫ್ಯಾಕ್ಟರಿ ಬಸ್ಸುಗಳಲ್ಲಿ ಎಲ್ಲ ಜಾತಿಯ ಹುಡುಗ ಹುಡುಗಿಯರು ಪಕ್ಕಪಕ್ಕ ಕೂತು ಹೋಗಿ ಬರುತ್ತಾರೆ.

ಬಿಸಿಯೂಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯ ಹೆಸರು ಬೇಡ. ಬಿಸಿಯೂಟ ಶುರುವಾಗಿ ಕೆಲವು ವರ್ಷ ಆಗಿತ್ತು. ಹಳೆಯ ಅಡುಗೆಯವರು ಬಿಟ್ಟು ಹೋದರು, ಕಾಲೋನಿಯ ಒಬ್ಬ ಹೆಣ್ಣುಮಗಳು ಬಂದರು. ಮಾರನೇ ದಿನ ಮಧ್ಯಾಹ್ನ ಗಂಟೆ ಹೊಡೆದಾಗ ಮೂವತ್ತೆಂಟು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಮಾತ್ರ ತಟ್ಟೆ ಹಿಡಿದು ಬಂದರು. ಉಳಿದವರು ತರಗತಿಯಲ್ಲೇ ಕೂತಿದ್ದರು. "ಹಸಿವಿಲ್ಲ ಮಿಸ್" ಅಂದರು. ಆರು ವರ್ಷದ ಮಗು ಕೂಡ ಅದನ್ನೇ ಹೇಳಿತು.

ನಾನು ಆ ಹನ್ನೊಂದು ಮಕ್ಕಳ ಸಾಲಿನಲ್ಲಿ ಕೂತು ಊಟ ಮಾಡಿದೆ. ದಿನಾ ಕೂತೆ. ಮನೆ ಮನೆಗೆ ಹೋದೆ. ಕೆಲವರು ಒಳಗೆ ಕರೆದು ಮಜ್ಜಿಗೆ ಕೊಟ್ಟರು, "ನಿಮಗೆ ಗೊತ್ತಿಲ್ಲದ್ದೇನಿದೆ ಮೇಡಂ, ಊರಲ್ಲಿ ಏನಂತಾರೆ" ಅಂದರು. ಮೂರನೇ ವಾರಕ್ಕೆ ಒಂದೊಂದೇ ಮಗು ಬಂತು. ಮೊದಲು ಬಂದವನು ಎರಡನೇ ತರಗತಿಯ ಹುಡುಗ. ಅವತ್ತು ಹುರುಳಿಕಾಳಿನ ಸಾರು. ವಾಸನೆಗೆ ಎದ್ದು ಬಂದು ಬಾಗಿಲಲ್ಲಿ ನಿಂತ. ಆ ಅಡುಗೆಯಮ್ಮ ಏನೂ ಮಾತಾಡಲಿಲ್ಲ. ತಟ್ಟೆ ತೊಳೆದು, ಬಡಿಸಿ, ಮುಂದೆ ಇಟ್ಟರು. ಅವನು ಎರಡು ಸಲ ಹಾಕಿಸಿಕೊಂಡ. ಹೆಚ್ಚಿನ ಮಕ್ಕಳು ಆಮೇಲೆ ಬಂದರು. ಎಲ್ಲರೂ ಬರಲಿಲ್ಲ. ಆರು ಮಕ್ಕಳ ಟಿ.ಸಿ. ತೆಗೆಸಿಕೊಂಡು ಹೋಗಿ ಪಟ್ಟಣದ ಖಾಸಗಿ ಶಾಲೆಗೆ ಹಾಕಿದರು. ಇಂಗ್ಲಿಷ್ ಮೀಡಿಯಂಗೆ ಅಂತ ಕಾರಣ ಬರೆದರು. ಆ ಟಿ.ಸಿ.ಗಳಿಗೆ ಸಹಿ ಹಾಕಿದವಳು ನಾನೇ. ಕಾಲಂನಲ್ಲಿ ನಿಜವಾದ ಕಾರಣ ಬರೆಯಲು ನನಗೆ ಧೈರ್ಯ ಸಾಲಲಿಲ್ಲ.

ಈಗ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ಇಲ್ಲ ಅನ್ನುತ್ತಾರೆ. ನಮ್ಮೂರ ಟೀ ಅಂಗಡಿಯಲ್ಲೂ ಇಲ್ಲ. ಯಾವಾಗ ಹೋಯಿತು ಅಂತ ನಾನು ಗಮನಿಸಿದ್ದೇನೆ. ಕುಡಿದು ಬಿಸಾಡುವ ಪೇಪರ್ ಲೋಟ ಬಂದ ಮೇಲೆ ಹೋಯಿತು. ಅಂಗಡಿಯವನ ಮನಸ್ಸು ಬದಲಾಯಿತಾ ಅಂತ ನಾವು ಕೇಳುವ ಮೊದಲೇ ಲೋಟ ಬದಲಾಯಿತು. ಆದರೂ ಪೇಪರ್ ಲೋಟದಲ್ಲಿ ಟೀ ಕುಡಿಯುತ್ತಾ ಒಂದೇ ಬೆಂಚಿನಲ್ಲಿ ಕೂತ ಹುಡುಗರನ್ನು ನೋಡಿದಾಗ, ಹೇಗೆ ಬಂದರೇನು, ಬಂತಲ್ಲ ಅನ್ನಿಸುತ್ತದೆ.

ನಿಮ್ಮಲ್ಲಿ ತುಂಬಾ ಜನ ಇನ್ನು ಆರು ತಿಂಗಳಲ್ಲಿ ಬೆಂಗಳೂರಿಗೆ ಹೋಗುತ್ತೀರಿ. ಕೆಲವರು ಇನ್ನೂ ದೂರ ಹೋಗುತ್ತೀರಿ. ಹೋಗಿ. ನನ್ನ ಮಗನೂ ಹೋಗಿದ್ದಾನೆ, ಜರ್ಮನಿಯಲ್ಲಿದ್ದಾನೆ. ಅಲ್ಲಿ ಬಸ್ಸು ಹೇಳಿದ ನಿಮಿಷಕ್ಕೆ ಬರುತ್ತದಂತೆ, ನಲ್ಲಿ ನೀರನ್ನು ಹಾಗೇ ಕುಡಿಯಬಹುದಂತೆ. ಅವನಿಗೆ ಕೋವಿಡ್ ಬಂದು ಮಲಗಿದಾಗ ಹನ್ನೆರಡು ದಿನ ಪಕ್ಕದ ಮನೆಯವರು ಬಾಗಿಲು ತಟ್ಟಲಿಲ್ಲವಂತೆ. ಅದೇ ವರ್ಷ ಇಲ್ಲಿ ನನ್ನ ಅಮ್ಮ ಹೋದಳು. ಹನ್ನೊಂದು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ ಊರವರು. ಒಂದೊಂದು ಹೊತ್ತು ಒಂದೊಂದು ಮನೆಯಿಂದ ಮುದ್ದೆ, ಸಾರು, ಅನ್ನ ಬಂತು. ಕೋವಿಡ್ ಭಯದಲ್ಲೂ ಬಂತು. ನನ್ನ ಮಗ ಫೋನಿನಲ್ಲಿ ಅದನ್ನು ಕೇಳಿ ಅತ್ತ. ಆ ಹನ್ನೊಂದು ದಿನದಲ್ಲಿ ಒಂದು ಮನೆಯಿಂದ ಮಾತ್ರ ಊಟ ಬರಲಿಲ್ಲ. ಅವರು ಚಿತೆಗೆ ಸೌದೆ ಒಡೆದರು. ಮೂರು ದಿನ ಗೇಟಿನ ಆಚೆ ಕೂತಿದ್ದರು. ಎಂಬತ್ತು ದಾಟಿದ ಮುದುಕರು. ಅವರ ಮನೆಯ ಊಟ ತಂದರೆ ನಾವು ತಿನ್ನುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಹೋದ ಕಡೆಗೆ ಲೋಟವೂ ಬರುತ್ತದೆ, ಇದೊಂದು ನೆನಪಿರಲಿ. ಅಮೆರಿಕದ ಸಿಯಾಟಲ್ ನಗರದಲ್ಲಿ 2023ರ ಫೆಬ್ರುವರಿಯಲ್ಲಿ ಜಾತಿಯ ಹೆಸರಲ್ಲಿ ಭೇದ ಮಾಡಬಾರದು ಅಂತ ಕಾನೂನು ಮಾಡಬೇಕಾಯಿತು. ಅಲ್ಲಿ ಜಾತಿ ಎಲ್ಲಿಂದ ಬಂತು ಹೇಳಿ? ನಮ್ಮವರು ಉಪ್ಪಿನಕಾಯಿ ಡಬ್ಬಿಯ ಜೊತೆ ಸೂಟ್‌ಕೇಸಿನಲ್ಲೇ ತೆಗೆದುಕೊಂಡು ಹೋಗಿದ್ದು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ" ಅಂತ ನಿಮ್ಮನ್ನು ಕೇಳುತ್ತಾರೆ. ನಾಳೆ ನಿಮಗೇ ಒಂದು ಮನೆ ಆದಾಗ ನೀವೂ ಕೇಳಬೇಡಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಡೈರಿಗೆ ಈಗ ಒಳ್ಳೆ ಕಟ್ಟಡ ಇದೆ. ಅಳತೆಗೆ, ಫ್ಯಾಟ್ ನೋಡಲು ಎಲೆಕ್ಟ್ರಾನಿಕ್ ಮೆಷಿನ್ನು, ಲೆಕ್ಕ ಮೊಬೈಲಿಗೇ ಮೆಸೇಜ್ ಬರುತ್ತದೆ. ಅಲ್ಲಿ ಟೆಸ್ಟರ್ ಆಗಿರುವವಳು ಅವರ ಮೊಮ್ಮಗಳು. ಬಿ.ಕಾಂ. ಓದಿದ್ದಾಳೆ. ನನ್ನ ತಮ್ಮ ತಂದ ಹಾಲಿನ ಡಿಗ್ರಿ ನೋಡಿ, "ಅಣ್ಣಾ, ಇವತ್ತು ಕಮ್ಮಿ ಬಂದಿದೆ, ಹಸುಗೆ ಹಿಂಡಿ ಜಾಸ್ತಿ ಕೊಡಿ" ಅಂದಳು. ತಮ್ಮ ತಲೆಯಾಡಿಸಿ ಚೀಟಿ ತೆಗೆದುಕೊಂಡ. ಕೆಲಸ ಮುಗಿಸಿ ಅವಳು ನನ್ನ ಹತ್ತಿರ ಬಂದಳು. "ಮೇಡಂ, ತಾತ ನಿಮ್ಮನ್ನ ನೋಡಬೇಕು ಅಂತಿರ್ತಾರೆ. ಎದ್ದು ಓಡಾಡಕ್ಕೆ ಆಗಲ್ಲ. ಮನೆಗೆ ಬರ್ತೀರಾ?" ಅಂದಳು.

ಆ ಊರಲ್ಲಿ ಹುಟ್ಟಿ, ಬೆಳೆದು, ಅರವತ್ತು ದಾಟಿದ್ದೇನೆ. ಅವರ ಬೀದಿಯ ಒಳಗೆ ಹೋಗಿದ್ದು ಅವತ್ತೇ ಮೊದಲು. ಮನೆಯ ಒಳಗೆ ಎಷ್ಟು ಕೋಣೆ ಇದೆ, ದೇವರ ಪಟ ಎಲ್ಲಿದೆ, ಯಾವುದೂ ನನಗೆ ಗೊತ್ತಿರಲಿಲ್ಲ. ಅವರಿಗೆ ನಮ್ಮ ಕೊಟ್ಟಿಗೆಯ ಪ್ರತಿ ಗೂಟವೂ ಗೊತ್ತಿತ್ತು.

ಮಂಚದ ಮೇಲೆ ಮಲಗಿದ್ದರು. ನನ್ನನ್ನು ನೋಡಿ ಏಳಲು ಹೋದರು. ಬೇಡಿ ಅಂದೆ. "ಅಮ್ಮಣ್ಣಿ, ಕೂತ್ಕೊಳಿ" ಅಂದರು. "ಹೇಗಿದ್ದೀರಾ?" ಅಂತ ಕೇಳಿದೆ. ಆ 'ರಾ' ಅನ್ನುವ ಅಕ್ಷರ ಅವರ ಮುಂದೆ ನನ್ನ ಬಾಯಿಂದ ಬರಲು ಐವತ್ತು ವರ್ಷ ಬೇಕಾಯಿತು. ಅವರು ಅದನ್ನು ಗಮನಿಸಿದರೋ ಇಲ್ಲವೋ. ಅಪ್ಪನ ಮಾತು ತೆಗೆದರು, ಹುಣಸೆ ಮರ ಕಡಿದದ್ದು ಹೇಳಿದರು, ಆ ಕಪ್ಪು ಬಿಳುಪು ಹಸು ಎಷ್ಟು ಕರು ಹಾಕಿತ್ತು ಅಂತ ಬೆರಳು ಮಡಚಿ ಲೆಕ್ಕ ಕೊಟ್ಟರು.

ಮೊಮ್ಮಗಳು ಟೀ ತಂದಳು. ಒಳಗಿನಿಂದ ಪೇಪರ್ ಲೋಟದ ಕಟ್ಟು ಬಿಚ್ಚಲು ಹೋಗಿದ್ದಳು, ನಾನು ಬೇಡ ಅಂದಿದ್ದೆ. ಸ್ಟೀಲ್ ಲೋಟದಲ್ಲಿ ತಂದಳು. ಬಿಸಿಯಿತ್ತು, ಸೆರಗಲ್ಲಿ ಹಿಡಿದುಕೊಂಡೆ. ಲೋಟದ ಅಂಚಿನ ಕೆಳಗೆ ಹೆಸರು ಕೊರೆಸಿತ್ತು. ಮದುವೆಗೆ ಪಾತ್ರೆ ಕೊಡುವಾಗ ಕೊರೆಸುತ್ತಾರಲ್ಲ, ಹಾಗೆ. ಸವೆದಿತ್ತು, ಕನ್ನಡಕ ಹಾಕಿಕೊಂಡು ಓದಿದೆ. ನನ್ನ ಅಮ್ಮನ ಹೆಸರು. ಅವರ ಮಗಳ ಮದುವೆಗೆ ಅಮ್ಮ ಆರು ಲೋಟ, ಒಂದು ಬಿಂದಿಗೆ ಕೊಟ್ಟಿದ್ದಳಂತೆ. "ದೊಡ್ಡಮ್ಮನೋರು ಕೊಟ್ಟಿದ್ದು, ಇದೊಂದೇ ಉಳಿದಿರೋದು" ಅಂದರು ಅವರು.

ಆ ಮನೆಯಲ್ಲಿ ಅಮ್ಮ ಒಂದು ದಿನವೂ ಕೂತವಳಲ್ಲ. ಆ ಲೋಟದಲ್ಲಿ ಒಂದು ಗುಟುಕು ನೀರು ಕುಡಿದವಳೂ ಅಲ್ಲ. ನಾನು ಪೂರ್ತಿ ಟೀ ಕುಡಿದೆ. ಅವರ ಮನೆಯ ಹಸುವಿನದೇ ಹಾಲು. ಗಟ್ಟಿಯಾಗಿತ್ತು.